ಶಾಸನಗಳ ತ್ರೀಡಿ ವೀಕ್ಷಕ: ಫೋನ್, ಲ್ಯಾಪ್‌ಟಾಪ್, ಗೋಡೆಯ ಟಚ್ ಪರದೆಗೆ ಒಂದೇ ಇಂಟರ್‌ಫೇಸ್ ಸಾಕೇ?

ಪ್ರಶ್ನೆ: ಕಲ್ಲುಬರಹ

ಎಲ್ಲರಿಗೂ ನಮಸ್ಕಾರ. ಶಿಲಾಶಾಸನಗಳ ತ್ರೀಡಿ ಸ್ಕ್ಯಾನ್‌ಗಳನ್ನು ಬ್ರೌಸರಿನಲ್ಲಿಯೇ ತೆರೆದು ನೋಡುವಂತಹ ಒಂದು ವೀಕ್ಷಕವನ್ನು ನಾವು ಕೆಲವು ಗೆಳೆಯರು ಸೇರಿ ಬಿಡುವಿನ ವೇಳೆಯಲ್ಲಿ ಕಟ್ಟುತ್ತಿದ್ದೇವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಊರಿನ ಸುತ್ತಮುತ್ತಲ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿರುವುದನ್ನು ನೀವು ಕೇಳಿರಬಹುದು. ನಮ್ಮದು ಅದಕ್ಕೆ ಸಂಬಂಧಿಸಿದ್ದಲ್ಲ, ಆದರೆ ದತ್ತಾಂಶದ ಸ್ವರೂಪ ಅದೇ ಬಗೆಯದು: ಲಕ್ಷಾಂತರ ತ್ರಿಕೋನಗಳ ಒಂದು ಜಾಲ, ಅದರ ಮೇಲೆ ಹೊದಿಸಿದ ದೊಡ್ಡ ಟೆಕ್ಸ್ಚರ್ (ಮೇಲ್ಮೈಯ ಚಿತ್ರ), ಪಕ್ಕದಲ್ಲಿ ಸಾಲುಸಾಲಾಗಿ ಶಾಸನದ ಪಾಠ.

ಇದನ್ನು ಬಳಸುವವರು ಮೂರು ಬಗೆಯವರು. ಊರಿನಲ್ಲಿ ಕಲ್ಲಿನ ಪಕ್ಕದಲ್ಲಿಯೇ ನಿಂತು, ಬಿಸಿಲಿನಲ್ಲಿ ಫೋನ್ ಹಿಡಿದು ನೋಡುವ ಕ್ಷೇತ್ರಕಾರ್ಯದವರು ಮೊದಲಿಗರು. ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಗಂಟೆಗಟ್ಟಲೆ ಕುಳಿತು ಪಾಠ ತಿದ್ದುವ ವಿದ್ವಾಂಸರು ಎರಡನೆಯವರು. ಪ್ರದರ್ಶನದ ಕೋಣೆಯಲ್ಲಿ ಗೋಡೆಗೆ ಹಾಕಿದ 55 ಇಂಚಿನ ಟಚ್ ಪರದೆಯ ಮುಂದೆ ಗುಂಪಾಗಿ ಬಂದು ನಿಲ್ಲುವ ಶಾಲೆಯ ಮಕ್ಕಳು ಮೂರನೆಯವರು.

ಈಗಿನ ವಿನ್ಯಾಸವು ಪರದೆಯ ಅಗಲವನ್ನು ನೋಡಿ ಬದಲಾಗುತ್ತದೆ. 768 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಉಪಕರಣಗಳೆಲ್ಲ, ಬೆಳಕಿನ ದಿಕ್ಕನ್ನು ಬದಲಿಸುವ ಸ್ಲೈಡರ್ ಕೂಡ, ಮೂರು ಗೆರೆಯ ಮೆನುವಿನೊಳಗೆ ಸೇರಿಕೊಳ್ಳುತ್ತವೆ. ದೊಡ್ಡ ಪರದೆಯಲ್ಲಿ ಎಲ್ಲವೂ ಒಟ್ಟಿಗೆ ಕಾಣಿಸುತ್ತವೆ. ಆದರೆ ಗೋಡೆಯ ಪರದೆಗೆ ಬಂದರೆ ಗುಂಡಿಗಳು ಲ್ಯಾಪ್‌ಟಾಪಿನ ಮೌಸ್‌ಗೆ ಹೊಂದುವಷ್ಟು ಚಿಕ್ಕದಾಗಿಯೂ, ಮಕ್ಕಳ ಕೈಗೆ ಎಟುಕದಷ್ಟು ಮೇಲೆಯೂ ಉಳಿಯುತ್ತವೆ. ಇನ್ನು ಕಡಿಮೆ ಬೆಲೆಯ ಫೋನ್‌ಗಳಲ್ಲಿ ದೊಡ್ಡ ಶಾಸನವೊಂದನ್ನು ತೆರೆದ ಸ್ವಲ್ಪ ಹೊತ್ತಿಗೆ ಪುಟವೇ ಬಿದ್ದುಹೋಗಿ ಮತ್ತೆ ಮೊದಲಿನಿಂದ ಲೋಡ್ ಆಗುತ್ತದೆ.

ಮೂರು ಪ್ರತ್ಯೇಕ ಇಂಟರ್‌ಫೇಸ್‌ಗಳನ್ನು ಬರೆಯಬೇಕೋ, ಇರುವ ಒಂದನ್ನೇ ಇನ್ನಷ್ಟು ಬಗ್ಗಿಸಬೇಕೋ ಎಂಬುದರ ಬಗ್ಗೆ ನಮ್ಮೊಳಗೆ ಒಮ್ಮತವಿಲ್ಲ. ಅನುಭವಿಗಳ ಅಭಿಪ್ರಾಯ ಬೇಕು.

ಉತ್ತರ: ಗೆರೆಬಣ್ಣ

768ರ ಗಡಿಯನ್ನು ಮೊದಲು ಕೈಬಿಡಿ. ಅಗಲವನ್ನು ಅಳೆದು ವಿನ್ಯಾಸ ಬದಲಿಸುವ ಪದ್ಧತಿಯು, 2010ರಲ್ಲಿ ಈಥನ್ ಮಾರ್ಕಾಟ್ ಅದಕ್ಕೆ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂಬ ಹೆಸರಿಟ್ಟ ನಂತರ ಎಲ್ಲೆಡೆ ರೂಢಿಗೆ ಬಂದಿತು. ಬರಹ ಮತ್ತು ಚಿತ್ರಗಳಿರುವ ಓದುವ ಪುಟಗಳಿಗೆ ಅದು ಇಂದಿಗೂ ಸರಿಯಾಗಿಯೇ ಹೊಂದುತ್ತದೆ. ಆದರೆ ನಿಮ್ಮಲ್ಲಿ ನೋಡುವ ವಸ್ತುವೇ ಪರದೆಯನ್ನೆಲ್ಲ ತುಂಬಿಕೊಂಡಿರುತ್ತದೆ, ಮತ್ತು ಕೈಯಿಂದ ಅದನ್ನು ಸದಾ ಆಡಿಸುತ್ತಿರಬೇಕಾಗುತ್ತದೆ. ಇಂತಹ ಕಡೆ ಅಗಲ ಹೇಳುವುದು ಬಹಳ ಕಡಿಮೆ. 1,400 ಪಿಕ್ಸೆಲ್ ಅಗಲದ ಪರದೆಯು ಮೌಸ್ ಇರುವ ಲ್ಯಾಪ್‌ಟಾಪ್ ಆಗಿರಬಹುದು, ಅಡ್ಡ ಹಿಡಿದ ಟ್ಯಾಬ್ಲೆಟ್ ಆಗಿರಬಹುದು, ಅರ್ಧ ಕಿಟಕಿಯಲ್ಲಿ ತೆರೆದ ದೊಡ್ಡ ಮಾನಿಟರ್ ಕೂಡ ಆಗಿರಬಹುದು.

ನೀವು ತಿಳಿದುಕೊಳ್ಳಬೇಕಾದದ್ದು ಬೇರೆ ಮೂರು ವಿಷಯಗಳನ್ನು: ಬಳಸುವವರ ಕೈಯಲ್ಲಿ ಇರುವುದು ಬೆರಳೋ ಮೌಸೋ, ಅವರ ಕಣ್ಣು ಪರದೆಯಿಂದ ಎಷ್ಟು ದೂರದಲ್ಲಿದೆ, ಯಂತ್ರಕ್ಕೆ ಎಷ್ಟು ಶಕ್ತಿಯಿದೆ. ಮೊದಲನೆಯದನ್ನು ಬ್ರೌಸರೇ ಹೇಳುತ್ತದೆ. ವೆಬ್ ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ ಸಾಧನದ ಗುಣಗಳನ್ನು ಕೇಳುವ ಮೀಡಿಯಾ ಕ್ವೆರಿಯ ನಾಲ್ಕನೆಯ ಹಂತದಲ್ಲಿ 'ಪಾಯಿಂಟರ್' ಮತ್ತು 'ಹೋವರ್' ಎಂಬ ಗುಣಗಳಿವೆ. ಮುಖ್ಯ ಸಾಧನ ಬೆರಳಾಗಿದ್ದರೆ 'ಕೋರ್ಸ್' (ಒರಟು) ಎಂದೂ ಮೌಸ್ ಆಗಿದ್ದರೆ 'ಫೈನ್' (ನಯ) ಎಂದೂ ಉತ್ತರ ಬರುತ್ತದೆ. ಟಚ್ ಪರದೆಯೂ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಇರುವುದರಿಂದ 'ಎನಿ-ಪಾಯಿಂಟರ್' ಅನ್ನು ಕೇಳಬೇಕು, ಮತ್ತು ಯಾವುದಾದರೂ ಒಂದು ಸಾಧನ ಒರಟಾಗಿದ್ದರೂ ಗುಂಡಿಗಳನ್ನು ಬೆರಳಿನ ಅಳತೆಗೇ ಮಾಡಬೇಕು. ವೆಬ್ ಎಲ್ಲರಿಗೂ ಬಳಸಲು ಬರಲಿ ಎಂದು ಮಾಡಿದ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿ ಕನಿಷ್ಠ 24 ಸಿಎಸ್‌ಎಸ್ ಪಿಕ್ಸೆಲ್ ಎನ್ನುತ್ತದೆ, ಆಪಲ್ 44 ಪಾಯಿಂಟ್, ಆಂಡ್ರಾಯ್ಡ್ 48 ಡಿಪಿ. ಬಿಸಿಲಿನಲ್ಲಿ ನಿಂತು ಒಂದೇ ಕೈಯಲ್ಲಿ ಫೋನ್ ಹಿಡಿದವರಿಗೆ 48ಕ್ಕಿಂತ ಕಡಿಮೆ ಕೊಡುವುದು ನನ್ನ ದೃಷ್ಟಿಯಲ್ಲಿ ತಪ್ಪು.

ದೂರದ ವಿಷಯವನ್ನು ಬ್ರೌಸರ್ ಹೇಳುವುದಿಲ್ಲ. ಅದನ್ನು ನೀವೇ ಲೆಕ್ಕ ಹಾಕಬೇಕು. ಸಿಎಸ್‌ಎಸ್ ಪಿಕ್ಸೆಲ್‌ನ ವ್ಯಾಖ್ಯೆಯಲ್ಲಿಯೇ ದೂರ ಅಡಗಿದೆ: ಇಂಚಿಗೆ 96 ಚುಕ್ಕೆಗಳಿರುವ ಪರದೆಯನ್ನು ತೋಳು ಚಾಚಿದಷ್ಟು, ಅಂದರೆ 28 ಇಂಚು ದೂರದಿಂದ ನೋಡಿದಾಗ ಒಂದು ಚುಕ್ಕೆಯು ಕಣ್ಣಿನಲ್ಲಿ ಮಾಡುವ ಕೋನವೇ ಅದು. ಆ ದೂರದಲ್ಲಿ 16 ಪಿಕ್ಸೆಲ್‌ನ ಅಕ್ಷರ ಸುಮಾರು 4.2 ಮಿಲಿಮೀಟರ್ ಎತ್ತರವಿರುತ್ತದೆ. ಗೋಡೆಯ ಪರದೆಯಿಂದ 2.8 ಮೀಟರ್ ಹಿಂದೆ ನಿಂತ ಹುಡುಗನಿಗೆ ಅಷ್ಟೇ ಸ್ಪಷ್ಟವಾಗಿ ಕಾಣಬೇಕಾದರೆ ಅಕ್ಷರವು ಸುಮಾರು 17 ಮಿಲಿಮೀಟರ್ ಆಗಬೇಕು. 55 ಇಂಚಿನ 4ಕೆ ಪರದೆಯ ಒಂದು ಪಿಕ್ಸೆಲ್ 0.32 ಮಿಲಿಮೀಟರ್‌ನಷ್ಟಿರುವುದರಿಂದ, ಸ್ಕೇಲಿಂಗ್ ಏನೂ ಇಲ್ಲದಿದ್ದರೆ, ಅದು 53 ಪಿಕ್ಸೆಲ್ ಆಗುತ್ತದೆ. ಮುಟ್ಟುವ ಗುಂಡಿಗಳಿಗೆ ಇಷ್ಟು ದೊಡ್ಡ ಬರಹ ಬೇಕಿಲ್ಲ, ಏಕೆಂದರೆ ಮುಟ್ಟುವವರು ಪರದೆಯ ಹತ್ತಿರವೇ ಇರುತ್ತಾರೆ. ಹಿಂದೆ ನಿಂತವರು ಓದುವ ಪಾಠ ಮತ್ತು ಶೀರ್ಷಿಕೆಗಳಿಗೆ ಮಾತ್ರ ಈ ಅಳತೆ. ಹೀಗೆ ಒಂದೇ ಪರದೆಯಲ್ಲಿ ಎರಡು ದೂರಗಳಿವೆ ಎಂಬುದನ್ನು ಒಪ್ಪಿಕೊಂಡರೆ ವಿನ್ಯಾಸವು ತಾನಾಗಿ ಎರಡು ಪಟ್ಟಿಗಳಾಗುತ್ತದೆ: ಮೇಲಿನ ಭಾಗ ನೋಡುವುದಕ್ಕೆ, ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಕುಳಿತವರಿಗೂ ಎಟುಕುವ ಕೆಳಗಿನ ಭಾಗ ಮುಟ್ಟುವುದಕ್ಕೆ.

ಇದು ಹೊಸ ಆಲೋಚನೆಯೇನಲ್ಲ. ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಮಾರ್ಕ್ ವೈಸರ್ 1991ರಲ್ಲಿಯೇ ಇಂಚಿನಳತೆಯ, ಅಡಿಯಳತೆಯ, ಗಜದಳತೆಯ ಸಾಧನಗಳೆಂದು ಮೂರು ವರ್ಗ ಮಾಡಿ, ಪ್ರತಿಯೊಂದಕ್ಕೂ ಬೇರೆಯದೇ ಕೆಲಸವಿರುತ್ತದೆ ಎಂದಿದ್ದರು. ನಿಮ್ಮ ಮೂರು ಬಗೆಯ ಬಳಕೆದಾರರು ಆ ವರ್ಗಗಳೊಳಗೆ ನೇರವಾಗಿ ಕೂರುತ್ತಾರೆ.

ಪಾಠದ ಫಲಕದಂತಹ ಬಿಡಿ ಭಾಗಗಳಿಗೆ ಕಂಟೇನರ್ ಕ್ವೆರಿ ಬಳಸಿ. 2023ರ ಫೆಬ್ರುವರಿಯ ಹೊತ್ತಿಗೆ ಪ್ರಮುಖ ಬ್ರೌಸರ್‌ಗಳೆಲ್ಲದರಲ್ಲಿಯೂ ಅದು ಬಂದಾಗಿದೆ. ಫಲಕವು ಇಡೀ ಪರದೆಯನ್ನು ಬಿಟ್ಟು ತನಗೆ ಸಿಕ್ಕ ಜಾಗವನ್ನು ಮಾತ್ರ ನೋಡಿಕೊಂಡು ಬದಲಾಗುತ್ತದೆ. ಇನ್ನೊಂದು ಸಣ್ಣ ಮಾತು: ಫಲಕದ ಸಾಲೆತ್ತರವನ್ನು 1.2ರಲ್ಲಿ ಬಿಡಬೇಡಿ. ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತವೆ. ಕನ್ನಡಕ್ಕೆ 1.6ರ ಆಸುಪಾಸು ಬೇಕು.

ಉತ್ತರ: ಹಳಗನ್ನಡ ಓದುಗ

ನಾನು ಪ್ರೋಗ್ರಾಮ್ ಬರೆಯುವವನಲ್ಲ, ಶಾಸನ ಓದುವವನು. ಆದರೂ ಬೆಳಕಿನ ಸ್ಲೈಡರನ್ನು ಮೆನುವಿನೊಳಗೆ ಹಾಕಿದ್ದೀರಿ ಎಂಬುದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಕಲ್ಲನ್ನು ಓದುವ ಕೆಲಸದಲ್ಲಿ ಬೆಳಕು ಒಂದು ಹೆಚ್ಚುವರಿ ಸೌಕರ್ಯವಲ್ಲ, ಅದೇ ಮುಖ್ಯ ಉಪಕರಣ. ಬಣ್ಣ, ಅಳತೆಗೋಲು, ಟಿಪ್ಪಣಿ, ಹಂಚಿಕೆ, ಇವೆಲ್ಲವನ್ನೂ ಬೇಕಾದರೆ ಬಚ್ಚಿಡಿ.

ಕಾರಣ ಹೇಳುತ್ತೇನೆ. ಸವೆದ ಅಕ್ಷರದ ಆಳವು ಎಷ್ಟೋ ಕಡೆ ಒಂದೆರಡು ಮಿಲಿಮೀಟರ್ ಕೂಡ ಇರುವುದಿಲ್ಲ. ಬೆಳಕು ಎದುರಿನಿಂದ ಬಿದ್ದರೆ ಏನೂ ಕಾಣುವುದಿಲ್ಲ. ಕಲ್ಲಿನ ಮೈಗೆ ತಾಗಿಕೊಂಡಂತೆ ಓರೆಯಾಗಿ ಬಿದ್ದಾಗ ಮಾತ್ರ ಗೀರಿನ ಒಂದು ಅಂಚು ಬೆಳಗಿ ಇನ್ನೊಂದು ಅಂಚು ಕಪ್ಪಾಗುತ್ತದೆ. ಆಗಲೂ ಒಂದು ತೊಡಕಿದೆ: ಬೆಳಕಿನ ದಿಕ್ಕಿಗೆ ಅಡ್ಡವಾಗಿರುವ ಗೆರೆಗಳು ಎದ್ದು ಕಾಣುತ್ತವೆ, ಅದೇ ದಿಕ್ಕಿನಲ್ಲಿ ಹರಿಯುವ ಗೆರೆಗಳು ಮಾಯವಾಗುತ್ತವೆ. ಎಡದಿಂದ ಬೆಳಕು ಬಿಟ್ಟರೆ ತಲೆಕಟ್ಟಿನ ಅಡ್ಡಗೆರೆ ಕಾಣುವುದಿಲ್ಲ, ಮೇಲಿನಿಂದ ಬಿಟ್ಟರೆ ಅಕ್ಷರದ ನಿಂತ ಗೆರೆ ಕಾಣುವುದಿಲ್ಲ. ಆದ್ದರಿಂದ ಒಂದು ಅಕ್ಷರ ಪಕಾರವೋ ವಕಾರವೋ ಎಂದು ತೀರ್ಮಾನಿಸಬೇಕಾದರೆ ಬೆಳಕನ್ನು ಸುತ್ತ ಆಡಿಸಿಯೇ ನೋಡಬೇಕು. ಹೊಲದಲ್ಲಿ ನಾವು ಸಂಜೆಯ ಬಿಸಿಲಿಗೆ ಕಾಯುವುದೋ, ಮಧ್ಯಾಹ್ನವಾದರೆ ಕನ್ನಡಿ ಹಿಡಿಯುವುದೋ ಇದಕ್ಕಾಗಿಯೇ. ಕಾಗದವನ್ನು ಒದ್ದೆ ಮಾಡಿ ಕಲ್ಲಿಗೆ ಬ್ರಷ್ಷಿನಿಂದ ಬಡಿದು, ಮಸಿ ಸವರಿ ತೆಗೆಯುವ ಪಡಿಯಚ್ಚಿನಲ್ಲಿ ಈ ತೊಂದರೆಯಿಲ್ಲ, ಆದರೆ ಅದರಲ್ಲಿ ಗೀರಿನ ಆಳ ತಿಳಿಯುವುದಿಲ್ಲ. ಉಳಿಯ ಗೆರೆಯೋ ಕಲ್ಲಿನ ಬಿರುಕೋ ಎಂಬ ಸಂಶಯ ಉಳಿದುಬಿಡುತ್ತದೆ. ತ್ರೀಡಿಯ ಲಾಭವಿರುವುದೇ ಅಲ್ಲಿ.

ಇನ್ನೊಂದು ಅಪಾಯವಿದೆ. ಮನುಷ್ಯನ ಕಣ್ಣು ಬೆಳಕು ಮೇಲಿನಿಂದ ಬರುತ್ತದೆ ಎಂದು ಭಾವಿಸಿಕೊಂಡೇ ನೋಡುತ್ತದೆ. ಪರದೆಯಲ್ಲಿ ಬೆಳಕು ಕೆಳಗಿನಿಂದ ಬಂದರೆ ಕೊರೆದ ಅಕ್ಷರ ಉಬ್ಬಿದಂತೆ ಕಾಣುತ್ತದೆ. ಚಂದ್ರನ ಕುಳಿಗಳ ಚಿತ್ರವನ್ನು ತಲೆಕೆಳಗು ಹಿಡಿದಾಗ ಗುಡ್ಡಗಳಾಗುವುದೂ ಇದರಿಂದಲೇ. ಒಂದು ವೀಕ್ಷಕದಲ್ಲಿ ಫೋನನ್ನು ಓಲಾಡಿಸಿದರೆ ಬೆಳಕೂ ತಿರುಗುವ ಏರ್ಪಾಡು ನೋಡಿದ್ದೇನೆ. ನೋಡಲು ಚೆನ್ನ, ಮಕ್ಕಳಿಗೆ ಖುಷಿ. ಆದರೆ ಫೋನನ್ನು ಅಡ್ಡ ತಿರುಗಿಸಿದ ಕೂಡಲೇ ಬೆಳಕಿನ ದಿಕ್ಕು ಬೇರೆಲ್ಲಿಗೋ ಹೋಗಿ ಅಕ್ಷರಗಳು ಉಬ್ಬುತಗ್ಗಾದವು. ಯಾವ ಸಾಧನದಲ್ಲಿಯೇ ಆಗಲಿ, ತೆರೆದಾಗ ಬೆಳಕು ಪರದೆಯ ಮೇಲ್ಭಾಗದ ಎಡಮೂಲೆಯಿಂದ ಬರಲಿ. ಅಲ್ಲಿಂದ ಮುಂದೆ ಓದುವವರ ಇಷ್ಟ.

ಫೋನಿನಲ್ಲಿ ಇಡೀ ಕಲ್ಲನ್ನು ತೋರಿಸಿ ಪ್ರಯೋಜನವಿಲ್ಲ. ಮುದ್ರಿತ ಸಂಪುಟಗಳಲ್ಲಿ ಪಾಠಕ್ಕೆ ಸಾಲಿನ ಸಂಖ್ಯೆ ಇರುತ್ತದೆ, ನಾವು ಮಾತನಾಡುವುದೂ 'ಏಳನೆಯ ಸಾಲಿನ ಕೊನೆ' ಎಂದೇ. ಹಾಗೆಯೇ ಒಂದೊಂದು ಸಾಲನ್ನು ಪರದೆಯ ಅಗಲಕ್ಕೆ ಹೊಂದಿಸಿ, ಅದರ ಕೆಳಗೆ ಆ ಸಾಲಿನ ಪಾಠವನ್ನಷ್ಟೇ ಇಟ್ಟರೆ ಚಿಕ್ಕ ಪರದೆಯಲ್ಲಿಯೂ ಓದಬಹುದು. ವೀರಗಲ್ಲುಗಳಲ್ಲಿ ಬರಹವು ಸಾಮಾನ್ಯವಾಗಿ ಶಿಲ್ಪಪಟ್ಟಿಗಳ ನಡುವಿನ ಅಡ್ಡಪಟ್ಟಿಯಲ್ಲಿರುತ್ತದೆ. ಅವುಗಳಿಗಂತೂ ಈ ಕ್ರಮ ಹೇಳಿಮಾಡಿಸಿದ್ದು.

ಉತ್ತರ: ತ್ರಿಕೋನಜಾಲ

ಪುಟ ಬಿದ್ದುಹೋಗುವುದರ ಬಗ್ಗೆ. ಸಾಮಾನ್ಯವಾಗಿ ಎಲ್ಲರೂ ತ್ರಿಕೋನಗಳನ್ನು ದೂರುತ್ತಾರೆ, ಆದರೆ ಲೆಕ್ಕ ಹಾಕಿ ನೋಡಿ. 20 ಲಕ್ಷ ತ್ರಿಕೋನಗಳ ಜಾಲದಲ್ಲಿ ಸುಮಾರು 10 ಲಕ್ಷ ಬಿಂದುಗಳಿರುತ್ತವೆ; ಬಿಂದುವೊಂದಕ್ಕೆ 32 ಬೈಟ್ ಎಂದುಕೊಂಡರೆ 32 ಎಂಬಿ, ಸೂಚ್ಯಂಕಗಳಿಗೆ 24 ಎಂಬಿ, ಒಟ್ಟು 56. ಅದೇ 8192×8192ರ ಒಂದೇ ಒಂದು ಟೆಕ್ಸ್ಚರ್, ಪಿಕ್ಸೆಲ್‌ಗೆ 4 ಬೈಟ್‌ನಂತೆ, 256 ಎಂಬಿ; ಮಿಪ್‌ಮ್ಯಾಪ್ (ಅದೇ ಚಿತ್ರದ ಚಿಕ್ಕ ಪ್ರತಿಗಳು) ಸೇರಿದರೆ 341. ಜೆಪೆಗ್ ಕಡತ ಡಿಸ್ಕಿನಲ್ಲಿ ಚಿಕ್ಕದಾಗಿದ್ದರೂ ಚಿತ್ರ ಬಿಡಿಸುವ ಚಿಪ್ಪಾದ ಜಿಪಿಯುವಿನೊಳಗೆ ಹೋಗುವಾಗ ಅದು ಪೂರ್ತಿ ಬಿಚ್ಚಿಕೊಂಡೇ ಹೋಗುತ್ತದೆ. ಬಣ್ಣಕ್ಕೊಂದು, ನಾರ್ಮಲ್ ಮ್ಯಾಪ್‌ಗೊಂದು (ಮೇಲ್ಮೈ ಎಲ್ಲೆಲ್ಲಿ ಯಾವ ಕಡೆಗೆ ಓರೆಯಾಗಿದೆ ಎಂದು ಹೇಳುವ ಚಿತ್ರ) ಎಂದು ಎರಡು ಇಟ್ಟರೆ ಕಡಿಮೆ ಬೆಲೆಯ ಫೋನ್ ಕೈಚೆಲ್ಲದೆ ಏನು ಮಾಡೀತು?

ಟೆಕ್ಸ್ಚರ್‌ಗಳನ್ನು ಕೆಟಿಎಕ್ಸ್2 ಕಡತಗಳಾಗಿ ಮಾಡಿ, ಬೇಸಿಸ್ ಯೂನಿವರ್ಸಲ್ ಎಂಬ ಸಂಕುಚನ ವಿಧಾನವನ್ನು ಬಳಸಿ. ಒಂದೇ ಕಡತವು ಫೋನಿನಲ್ಲಿ ಎಎಸ್‌ಟಿಸಿ ಆಗಿಯೂ, ಡೆಸ್ಕ್‌ಟಾಪಿನಲ್ಲಿ ಬಿಸಿ7 ಆಗಿಯೂ (ಎರಡೂ ಜಿಪಿಯು ನೇರವಾಗಿ ಓದಬಲ್ಲ ರೂಪಗಳು) ಬದಲಾಗಿ ಜಿಪಿಯುವಿನೊಳಗೆ ಸಂಕುಚಿತವಾಗಿಯೇ ಉಳಿಯುತ್ತದೆ. ಪಿಕ್ಸೆಲ್‌ಗೆ ಒಂದು ಬೈಟ್ ಎಂದರೆ ಆ 256 ಎಂಬಿ 64ಕ್ಕೆ ಇಳಿಯುತ್ತದೆ. ನಾರ್ಮಲ್ ಮ್ಯಾಪ್‌ಗೆ ಮಾತ್ರ ಯುಎಎಸ್‌ಟಿಸಿ ಬಗೆಯನ್ನೇ ಆರಿಸಿ. ಇಟಿಸಿ1ಎಸ್ ಎಂಬ ಇನ್ನೊಂದು ಬಗೆ ಇನ್ನೂ ಚಿಕ್ಕದಾದರೂ ಅದರ ಚೌಕಚೌಕದ ಕಲೆಗಳು ಓರೆಬೆಳಕಿನಲ್ಲಿ ಗೀರುಗಳಂತೆಯೇ ಕಾಣುತ್ತವೆ, ಮತ್ತು ಮೇಲಿನ ಉತ್ತರವನ್ನು ಬರೆದ ಹಿರಿಯರು ಅದನ್ನು ಅಕ್ಷರವೆಂದು ಓದಿದರೆ ತಪ್ಪು ನಮ್ಮದಾಗುತ್ತದೆ. ಗೀರಿನ ಸೂಕ್ಷ್ಮ ವಿವರವನ್ನು ನಾರ್ಮಲ್ ಮ್ಯಾಪ್‌ನಲ್ಲಿ ಇಟ್ಟು ಫೋನಿಗೆ 2 ಲಕ್ಷ ತ್ರಿಕೋನಗಳ ಜಾಲವನ್ನಷ್ಟೇ ಕಳುಹಿಸಿದರೆ, ನೇರವಾಗಿ ಎದುರಿನಿಂದ ಓದುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಯಂತ್ರದ ಶಕ್ತಿಯನ್ನು ಫೋನಿನ ಹೆಸರು ನೋಡಿ ಊಹಿಸಬೇಡಿ, ಅಳೆಯಿರಿ. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದಕ್ಕೆ 16.7 ಮಿಲಿಸೆಕೆಂಡ್, ಸರಾಸರಿ 25 ದಾಟಿದರೆ ಒಂದು ಮೆಟ್ಟಿಲು ಇಳಿಸಿ. ಮೇಲೆ ಹತ್ತಿಸುವ ಮಿತಿಯನ್ನು ಇಳಿಸುವ ಮಿತಿಗಿಂತ ಸಾಕಷ್ಟು ದೂರ ಇಡಿ, ಇಲ್ಲವಾದರೆ ಗುಣಮಟ್ಟ ಹತ್ತಿಳಿದು ಚಿತ್ರ ಮಿನುಗುತ್ತಿರುತ್ತದೆ. ಇಳಿಸುವುದಕ್ಕೆ ಮೊದಲ ಜಾಗ ಪಿಕ್ಸೆಲ್ ಅನುಪಾತ (ಒಂದು ಸಿಎಸ್‌ಎಸ್ ಪಿಕ್ಸೆಲ್‌ನ ಬದಿಗೆ ಪರದೆಯ ನಿಜವಾದ ಪಿಕ್ಸೆಲ್‌ಗಳೆಷ್ಟು ಎಂಬುದು): ಅನುಪಾತ 3 ಇರುವ ಫೋನ್ 1 ಇರುವುದಕ್ಕಿಂತ ಒಂಬತ್ತು ಪಟ್ಟು ಪಿಕ್ಸೆಲ್ ಬಿಡಿಸುತ್ತದೆ. ಕೈ ಆಡುತ್ತಿರುವಾಗ 1.5ರಲ್ಲಿ ಬಿಡಿಸಿ, ಕೈ ನಿಂತ ಕೂಡಲೇ ಪೂರ್ಣ ಅನುಪಾತದಲ್ಲಿ ಒಮ್ಮೆ ಬಿಡಿಸಿ, ಅಲ್ಲಿಗೆ ನಿಲ್ಲಿಸಿ. ಏನೂ ಬದಲಾಗದಿರುವಾಗ ಸೆಕೆಂಡಿಗೆ 60 ಬಾರಿ ಅದೇ ಚಿತ್ರವನ್ನು ಬಿಡಿಸುವ ವೀಕ್ಷಕಗಳೇ ಹೊಲದಲ್ಲಿ ಬ್ಯಾಟರಿ ಮುಗಿಸುವುದು.

ಒಂದು ಷರತ್ತನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ವಿವರ ಕಡಿಮೆಯಾಗಿದ್ದರೆ ಅದನ್ನು ಪರದೆಯ ಮೇಲೆ ಹೇಳಬೇಕು, 'ಅರ್ಧ ವಿವರ' ಎಂದೋ 'ಪೂರ್ಣ ವಿವರ' ಎಂದೋ ಮೂಲೆಯಲ್ಲಿ ಸದಾ ಕಾಣುವಂತೆ. ಆಟದಲ್ಲಿ ಮರದ ಎಲೆ ಮಂಕಾದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ಮಂಕಾದ ಅಕ್ಷರವನ್ನು ಸವೆದ ಅಕ್ಷರವೆಂದು ಓದುಗರು ಭಾವಿಸಿ, ಪಾಠದಲ್ಲಿ ತ್ರುಟಿತ ಎಂದು ಗುರುತು ಹಾಕಿಬಿಡಬಹುದು.

ಕೊನೆಯದಾಗಿ, ವೆಬ್‌ಜಿಎಲ್ ಕಾಂಟೆಕ್ಸ್ಟ್ (ಪುಟಕ್ಕೂ ಜಿಪಿಯುವಿಗೂ ಇರುವ ಕೊಂಡಿ) ಕಳೆದುಹೋದಾಗ ಬರುವ ಸೂಚನೆಯನ್ನು ಹಿಡಿದು, ಅದೇ ನೋಟವನ್ನು ಒಂದು ಮೆಟ್ಟಿಲು ಕೆಳಗಿನ ಗುಣಮಟ್ಟದಲ್ಲಿ ಮತ್ತೆ ಕಟ್ಟಿ.

ಪ್ರಶ್ನೆ ಕೇಳಿದವರಿಂದ: ಕಲ್ಲುಬರಹ

ಮೂವರಿಗೂ ಧನ್ಯವಾದಗಳು. ಬೆಳಕಿನ ನಿಯಂತ್ರಣವನ್ನು ಫೋನಿನಲ್ಲಿ ಹೆಬ್ಬೆರಳಿಗೆ ಎಟುಕುವಂತೆ ಕೆಳಗಿನ ಮೂಲೆಯಲ್ಲಿ ಒಂದು ಗುಂಡನೆಯ ಚಕ್ರವಾಗಿ, ಎಡಗೈಯವರಿಗೆ ಇನ್ನೊಂದು ಮೂಲೆಗೆ ಸರಿಸಬಹುದಾದಂತೆ, ಇಡುತ್ತೇವೆ. ಒಂದು ಬೆರಳಿಗೆ ಸರಿಸುವುದು, ಎರಡಕ್ಕೆ ಹಿಗ್ಗಿಸುವುದು; ಕಲ್ಲನ್ನು ತಿರುಗಿಸುವುದು ಬೇರೆಯೇ ಸ್ಥಿತಿಯಲ್ಲಿ.

ಎರಡು ವಿಷಯ ಉಳಿದಿವೆ. ನಮ್ಮ ತಂಡದ ಒಬ್ಬರು, ಬಳಕೆದಾರರು ಹೆಚ್ಚಾಗಿ ಬಳಸುವ ಉಪಕರಣಗಳನ್ನು ತಂತ್ರಾಂಶವೇ ಕಲಿತುಕೊಂಡು ಮುಂದಕ್ಕೆ ತರಬೇಕು, ಉಳಿದವನ್ನು ಅಡಗಿಸಬೇಕು ಎನ್ನುತ್ತಾರೆ. ಇನ್ನೊಂದು, ಹೊಲದಲ್ಲಿ ಫೋನಿನಲ್ಲಿ ನೋಡಿದ ಜಾಗವನ್ನೇ ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಮುಂದುವರಿಸುವಂತಾಗಬೇಕು.

ಉತ್ತರ: ಸೇತುವೆ

ಮೊದಲನೆಯದು ಬೇಡ. ಮೈಕ್ರೋಸಾಫ್ಟ್ ಆಫೀಸ್ 2000ರಲ್ಲಿ ಹೀಗೆಯೇ ಕಡಿಮೆ ಬಳಸಿದ ಆಯ್ಕೆಗಳನ್ನು ಅಡಗಿಸುವ ಮೆನುಗಳು ಬಂದವು. ನಿನ್ನೆ ಇದ್ದ ಜಾಗದಲ್ಲಿ ಇಂದು ಇಲ್ಲದ ಆಯ್ಕೆಯನ್ನು ಹುಡುಕಿದವರಿಗೆ ಅದರ ಕಿರಿಕಿರಿ ನೆನಪಿರಬಹುದು. 2007ರ ಆವೃತ್ತಿಯಲ್ಲಿ ರಿಬ್ಬನ್ ಬಂದಾಗ ವರ್ಡ್, ಎಕ್ಸೆಲ್‌ಗಳಿಂದ ಅವು ಹೊರಟುಹೋದವು. ಕೈ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ, ಆ ನೆನಪನ್ನು ಕೆಡಿಸಿದರೆ ಉಳಿತಾಯವಾದ ಸಮಯಕ್ಕಿಂತ ಹುಡುಕಾಟದ ಸಮಯವೇ ಹೆಚ್ಚಾಗುತ್ತದೆ. ಸಾಧನಕ್ಕೆ ತಕ್ಕಂತೆ ಒಮ್ಮೆ ಹೊಂದಿಕೊಳ್ಳುವುದು ಬೇರೆ, ಬಳಸುತ್ತಿರುವಾಗಲೇ ಕಾಲಡಿಯ ನೆಲವನ್ನು ಸರಿಸುವುದು ಬೇರೆ. ಕಲಿಯಲೇಬೇಕೆಂದರೆ ಇದ್ದ ಜಾಗದಲ್ಲಿ ಎಲ್ಲವನ್ನೂ ಉಳಿಸಿ, ಪಕ್ಕದಲ್ಲಿ 'ಇತ್ತೀಚೆಗೆ ಬಳಸಿದ್ದು' ಎಂಬ ಚಿಕ್ಕ ಪಟ್ಟಿಯೊಂದನ್ನು ಸೇರಿಸಿ.

ಮೂರು ಇಂಟರ್‌ಫೇಸೋ ಒಂದೋ ಎಂಬ ನಿಮ್ಮ ಮೂಲ ಪ್ರಶ್ನೆಗೆ, ಗೆರೆಬಣ್ಣ ಅವರಿಗಿಂತ ನನ್ನ ಒಲವು ಸ್ವಲ್ಪ ಬೇರೆ. ಫೋನ್ ಮತ್ತು ಲ್ಯಾಪ್‌ಟಾಪ್ ಒಂದೇ ಇಂಟರ್‌ಫೇಸಿನ ಎರಡು ರೂಪಗಳಾಗಲಿ, ಆದರೆ ಗೋಡೆಯ ಪರದೆಗೆ ಪ್ರತ್ಯೇಕ ಹೊರಕವಚವನ್ನೇ ಬರೆಯಿರಿ. ಅಲ್ಲಿ ಬದಲಾಗುವುದು ಅಳತೆಯಷ್ಟೇ ಅಲ್ಲ, ಕೆಲಸವೇ ಬೇರೆ: ಲಾಗಿನ್ ಇಲ್ಲ, ಟಿಪ್ಪಣಿ ಇಲ್ಲ, ಪಾಠ ತಿದ್ದುವುದಿಲ್ಲ, ಒಬ್ಬರು ಬಿಟ್ಟುಹೋದ ಮೇಲೆ ಸ್ವಲ್ಪ ಹೊತ್ತಿಗೆ ಮೊದಲಿನ ಸ್ಥಿತಿಗೆ ಮರಳಬೇಕು. ಜೊತೆಗೆ ಇಬ್ಬರು ಮಕ್ಕಳು ಒಟ್ಟಿಗೆ ಮುಟ್ಟುತ್ತಾರೆ. ಒಬ್ಬನ ಬೆರಳು ಎಡಗಡೆ, ಇನ್ನೊಬ್ಬಳ ಬೆರಳು ಬಲಗಡೆ. ಫೋನಿಗೆಂದು ಬರೆದ ಕೋಡ್ ಅದನ್ನು ಎರಡು ಬೆರಳಿನ ಹಿಗ್ಗಿಸುವಿಕೆಯೆಂದು ತಿಳಿದು ಕಲ್ಲನ್ನು ಎಲ್ಲಿಗೋ ಹಾರಿಸುತ್ತದೆ. ಒಂದು ಅಂಗೈಗಿಂತ ದೂರವಿರುವ ಎರಡು ಸ್ಪರ್ಶಗಳನ್ನು ಜೋಡಿಯೆಂದು ಪರಿಗಣಿಸಬಾರದು ಎಂಬ ನಿಯಮ ಅಲ್ಲಿಗೆ ಬೇಕು. ಇಂತಹ ವಿಭಜನೆಗೆ 2003ರ ಕ್ಯಾಮೆಲಿಯನ್ ಚೌಕಟ್ಟು ಒಳ್ಳೆಯ ದಾರಿ ತೋರುತ್ತದೆ. ಮೊದಲು ಕೆಲಸ ಮತ್ತು ಪರಿಕಲ್ಪನೆಗಳು, ಆಮೇಲೆ ಅಮೂರ್ತ ಇಂಟರ್‌ಫೇಸ್, ಆಮೇಲೆ ಮೂರ್ತ ರೂಪ, ಕೊನೆಗೆ ಓಡುವ ಕೋಡ್ ಎಂದು ಅದು ನಾಲ್ಕು ಹಂತ ಮಾಡುತ್ತದೆ. ಫೋನ್ ಮತ್ತು ಲ್ಯಾಪ್‌ಟಾಪ್ ಮೂರ್ತ ರೂಪದಲ್ಲಿ ಕವಲೊಡೆಯುತ್ತವೆ, ಗೋಡೆಯ ಪರದೆ ಮೊದಲ ಹಂತದಲ್ಲಿಯೇ ಕವಲೊಡೆಯುತ್ತದೆ.

ನೋಟವನ್ನು ಒಯ್ಯುವುದು ಸುಲಭ, ಏನನ್ನು ಯಾವ ಮಾನದಲ್ಲಿ ಉಳಿಸುತ್ತೀರಿ ಎಂಬುದು ಸರಿಯಿದ್ದರೆ. ಪರದೆಯ ಪಿಕ್ಸೆಲ್‌ಗಳನ್ನು ಉಳಿಸಬೇಡಿ. ಕಲ್ಲಿನ ಗುರುತು, ನೋಡುತ್ತಿರುವ ಭಾಗದ ಮಧ್ಯಬಿಂದು ಮತ್ತು ಅದರ ಅಗಲ ಎತ್ತರಗಳು ಕಲ್ಲಿನ ಮೇಲಿನ ಮಿಲಿಮೀಟರ್‌ಗಳಲ್ಲಿ, ಬೆಳಕಿನ ದಿಕ್ಕು ಮತ್ತು ಓರೆ, ಸಾಲಿನ ಸಂಖ್ಯೆ. ಇಷ್ಟನ್ನು ವಿಳಾಸದೊಳಗೇ ಸೇರಿಸಿ. ನಿಂತ ಫೋನಿನಲ್ಲಿ ಉಳಿಸಿದ್ದನ್ನು ಅಡ್ಡ ಪರದೆಯಲ್ಲಿ ತೆರೆದಾಗ ಆ ಭಾಗ ಪೂರ್ತಿ ಒಳಗೆ ಬರುವಂತೆ ಹೊಂದಿಸಿದರೆ ಸಾಕು, ಪಕ್ಕದಲ್ಲಿ ಸ್ವಲ್ಪ ಹೆಚ್ಚು ಕಲ್ಲು ಕಂಡರೆ ತೊಂದರೆಯಿಲ್ಲ. ಗೋಡೆಯ ಪರದೆಯ ಮೂಲೆಯಲ್ಲಿ ಅದೇ ವಿಳಾಸವನ್ನು ಕ್ಯೂಆರ್ ಕೋಡ್ ಮಾಡಿ ತೋರಿಸಿದರೆ ನೋಡುಗರು ತಮ್ಮ ಫೋನಿಗೆ ಒಯ್ಯಬಹುದು.

ಉತ್ತರ: ಹಳಗನ್ನಡ ಓದುಗ

ವಿಳಾಸದಲ್ಲಿ ಬೆಳಕೂ ಇರುತ್ತದೆ ಎಂಬುದು ನನಗೆ ಬಹಳ ಉಪಯುಕ್ತ. ಒಂದೇ ಅಕ್ಷರದ ಬಗ್ಗೆ ಇಬ್ಬರು ಬೇರೆಬೇರೆ ಪಾಠ ಹೇಳುವಾಗ, ಇಬ್ಬರೂ ಬೇರೆಬೇರೆ ಬೆಳಕಿನಲ್ಲಿ ನೋಡಿರುವ ಸಾಧ್ಯತೆ ಇದ್ದೇ ಇರುತ್ತದೆ. ಪ್ರತಿಯೊಂದು ಟಿಪ್ಪಣಿಯ ಜೊತೆಗೂ ಅದನ್ನು ಬರೆದಾಗ ಇದ್ದ ಬೆಳಕು, ಮತ್ತು ತ್ರಿಕೋನಜಾಲ ಅವರು ಹೇಳಿದ ಪೂರ್ಣ ವಿವರ, ಅರ್ಧ ವಿವರದ ಗುರುತು, ಎರಡನ್ನೂ ಉಳಿಸಿ. ಟಿಪ್ಪಣಿಯನ್ನು ಒತ್ತಿದರೆ ಅದೇ ಬೆಳಕಿನಲ್ಲಿ ಆ ಅಕ್ಷರ ತೆರೆದುಕೊಳ್ಳಲಿ.

ಒಂದು ಸಂಶಯ. ಬೆಳಕಿನ ದಿಕ್ಕನ್ನು ಕಲ್ಲಿಗೆ ಹೊಂದಿಸಿ ಉಳಿಸುತ್ತೀರೋ, ಪರದೆಗೆ ಹೊಂದಿಸಿಯೋ?

ಉತ್ತರ: ಸೇತುವೆ

ಕಲ್ಲಿಗೆ ಹೊಂದಿಸಿ, ಸರ್. ಓದುವ ಸ್ಥಿತಿಯಲ್ಲಿ ಸಾಲುಗಳು ಸದಾ ಪರದೆಗೆ ಅಡ್ಡವಾಗಿಯೇ ಇರುವಂತೆ ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಫೋನನ್ನು ಹೇಗೆ ತಿರುಗಿಸಿದರೂ ನೋಟವನ್ನಷ್ಟೇ ಮರುಹೊಂದಿಸಿದರೆ ಎರಡರ ನಡುವೆ ವ್ಯತ್ಯಾಸ ಬರುವುದಿಲ್ಲ. ಕಲ್ಲನ್ನು ಬೇಕಾದಂತೆ ತಿರುಗಿಸುವ ಸ್ಥಿತಿಯಲ್ಲಿ ಮಾತ್ರ ಎರಡೂ ಬೇರೆಯಾಗುತ್ತವೆ. ಅಲ್ಲಿ ಬೆಳಕು ಪರದೆಯ ಕೆಳಭಾಗದಿಂದ ಬರತೊಡಗಿದ ಕೂಡಲೇ ಬೆಳಕಿನ ಚಕ್ರದ ಬಣ್ಣ ಬದಲಾಗಿ, ಉಬ್ಬುತಗ್ಗು ತಿರುವುಮುರುವಾಗಿ ಕಾಣಬಹುದೆಂದು ಎಚ್ಚರಿಸಲಿ.